ಜಿಲೇಬಿ ಸೇತುವೆಯ ಕೆಳಗೆ ವಧುಪರೀಕ್ಷೆ

ದಾರಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆಯವರಿಂದ ಆಗದ ಕೆಲಸ. ಹೇಳುವವನಿಗೆ ದಾರಿ ಗೊತ್ತಿರಬೇಕೆಂಬ ಕಟ್ಟುಪಾಡೇನೂ ಇಲ್ಲ. ಹೊನ್ನಾವರದಲ್ಲಿ ಬಸ್ಸಿಳಿದು ಯಾರದಾದರೂ ಮನೆ ಕೇಳಿ ನೋಡಿ. ನಿಂತ ನಿಲುವಿನಲ್ಲಿ ಮೂರು ಜನ ಸೇರುತ್ತಾರೆ, ಮೂರು ದಾರಿ ಹೇಳುತ್ತಾರೆ. ನಾಲ್ಕನೆಯವನು ಸೈಕಲ್ಲು ನಿಲ್ಲಿಸಿ ಮೂವರನ್ನೂ ತಿದ್ದುತ್ತಾನೆ. ಹೆದ್ದಾರಿ ಅಗಲವಾದ ಮೇಲಂತೂ ಈ ಸೇವೆ ಇನ್ನಷ್ಟು ತೊಡಕಾಗಿದೆ. ನಾವು ಗುರುತಿಗೆಂದು ಹೇಳುತ್ತಿದ್ದ ಮರ, ಕಟ್ಟೆ, ಚಾದಂಗಡಿಗಳೆಲ್ಲ ರಸ್ತೆಯ ಹೊಟ್ಟೆಯೊಳಗೆ ಹೋಗಿವೆ. ನಮ್ಮ ಬಾಯಿಂದ ಮಾತ್ರ ಹೋಗಿಲ್ಲ. ಅಲ್ಲೊಂದು ಗೋಳಿಮರ ಇತ್ತಲ್ಲ, ಅದರ ಎದುರು ಒಂದು ಹೋಟೆಲು ಇತ್ತಲ್ಲ, ಅದರ ಹಿಂದೆ ಎಂದು ನಾವು ಹೇಳಿದರೆ, ಕೇಳಿದವನು ಇಲ್ಲದ ಮರದ ಎದುರಿನ ಇಲ್ಲದ ಹೋಟೆಲಿನ ಹಿಂದೆ ಹೋಗಿ ನಿಂತು ನಮ್ಮನ್ನು ನೆನೆಯಬೇಕು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಅಮೆಜಾನ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ಕರ್ಕಿಯ ಮದುವೆಗೆಂದು ಹೊರಟು, ಹೊಳೆಯಾಚೆ ಕಾಸರಕೋಡಿನ ಮದುವೆಯಲ್ಲಿ ಉಂಡು ಬಂದದ್ದೂ ಉಂಟು. ಊಟ ಚೆನ್ನಾಗಿತ್ತು. ಯಾರೂ ಏನೂ ಕೇಳಲಿಲ್ಲ. ಇಂಥ ನಾನು ಅಕ್ಕನ ಮಗಳ ವಧುಪರೀಕ್ಷೆಗೆ ಜಾಗ ಗೊತ್ತು ಮಾಡುವ ಜವಾಬ್ದಾರಿ ಹೊತ್ತದ್ದೇ ಈ ಕಥೆ.

ಕರಾವಳಿಯ ಹೆದ್ದಾರಿಗೆ ಗೇರುಸೊಪ್ಪದ ಕಡೆಯಿಂದ ಘಟ್ಟ ಇಳಿದು ಬರುವ ರಸ್ತೆ ಸೇರುವಲ್ಲಿ ನಮ್ಮೂರಿಗೊಂದು ಭಾರೀ ಸೇತುವೆ ಬಂದಿದೆ. ಸೇತುವೆ ಎಂದರೆ ಒಂದಲ್ಲ. ಭಟ್ಕಳದಿಂದ ಬಂದದ್ದು ಕುಮಟೆಗೆ ಹಾರಿ ಹೋಗುತ್ತದೆ, ಕುಮಟೆಯಿಂದ ಬಂದದ್ದು ಅದರ ಹೊಟ್ಟೆಯಡಿ ನುಸುಳಿ ಘಟ್ಟದ ಕಡೆ ತಿರುಗುತ್ತದೆ, ಘಟ್ಟದಿಂದ ಬಂದದ್ದು ತನಗೇ ಎಲ್ಲಿಗೆಂದು ಗೊತ್ತಿಲ್ಲದ ಹಾಗೆ ಒಂದು ಪೂರ್ತಿ ಸುತ್ತು ಹಾಕಿ ಸಮುದ್ರದ ಕಡೆ ಇಳಿಯುತ್ತದೆ. ಕಟ್ಟಿದವರು ಇದಕ್ಕೆ ಏನೋ ದೊಡ್ಡ ಹೆಸರಿಟ್ಟಿದ್ದಾರೆ. ಊರಿನ ಜನ ಒಮ್ಮೆ ಕತ್ತೆತ್ತಿ ನೋಡಿ ಜಿಲೇಬಿ ಎಂದರು, ಆ ಹೆಸರೇ ನಿಂತಿತು. ಈಗ ಬಸ್ಸಿನ ಕಂಡಕ್ಟರು ಕೂಡ ಜಿಲೇಬಿ, ಜಿಲೇಬಿ ಇಳಿಯೋರು ಎಂದು ಕೂಗುತ್ತಾನೆ. ಹೊಸಬರು ಬಾಯಲ್ಲಿ ನೀರೂರಿಸಿಕೊಂಡು ಇಳಿದು ನೋಡಿದರೆ ಕಾಂಕ್ರೀಟು.

ಜಿಲೇಬಿಯ ಕೆಳಗೆ ಬಹಳ ಕಾಲ ಜಲ್ಲಿಯ ರಾಶಿ, ಮುರಿದ ಪೈಪು ಮತ್ತು ಎಮ್ಮೆಗಳು ಇದ್ದವು. ಒಂದು ಮಳೆಗಾಲ ಕಳೆದು ನೋಡುವಷ್ಟರಲ್ಲಿ ಅಲ್ಲೊಂದು ಉದ್ಯಾನ ಎದ್ದಿತ್ತು. ನಡೆಯಲು ಬಣ್ಣದ ಹಾಸುಬಿಲ್ಲೆ, ಕೂರಲು ಸಿಮೆಂಟಿನ ಬೆಂಚು, ಕೈಕಾಲು ಆಡಿಸಲು ಕಬ್ಬಿಣದ ಸಲಕರಣೆ. ಆನೆ ಕಾಲಿನಂಥ ಕಂಬಗಳಿಗೆಲ್ಲ ಯಕ್ಷಗಾನದ ಮುಖ, ಬಂಗಡೆ ಮೀನು, ಮಂಗಟ್ಟೆ ಹಕ್ಕಿ ಬರೆದರು. ಹುಲ್ಲಿನ ಮೇಲೆ ಕೂರಬಾರದು ಎಂಬ ಫಲಕವೂ ಬಂತು, ಹುಲ್ಲು ಮಾತ್ರ ಇನ್ನೂ ಬರಬೇಕಷ್ಟೆ. ಮೊದಮೊದಲು ಲಾರಿಯ ಕೆಳಗೆ ಹೋಗಿ ಯಾರು ಗಾಳಿ ಸೇವಿಸುತ್ತಾರೆ ಎಂದು ನಾವೆಲ್ಲ ನಕ್ಕೆವು. ನಕ್ಕವರೆಲ್ಲ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲೇ ಒಬ್ಬರಿಗೊಬ್ಬರು ಸಿಕ್ಕಿಬಿದ್ದೆವು. ರಸ್ತೆಗೆಂದು ನಮ್ಮ ಮರಗಳನ್ನು ಕಡಿದವರು ಬದಲಿಗೆ ನಮಗೊಂದು ನೆರಳನ್ನು ಕೊಟ್ಟಿದ್ದರು. ಎಲೆ ಉದುರದ, ಕಾಗೆ ಹೇತು ಕೆಡಿಸದ ನೆರಳು. ಹೊಳೆಯ ಕಡೆಯಿಂದ ಗಾಳಿ ಕಂಬಗಳ ನಡುವೆ ಹಾದು ಬರುತ್ತದೆ. ಮೇಲೆ ಲಾರಿ ಹೋದಾಗ ಸೇತುವೆಯ ಸಂದುಗಳಲ್ಲಿ ಟಡಕ್ ಟಡಕ್ ಎಂದು ಎರಡು ಸದ್ದು, ಅದೂ ಕೆಲವು ದಿನಕ್ಕೆ ರೂಢಿಯಾಗಿ ಗೋಡೆ ಗಡಿಯಾರದ ಸದ್ದಿನಂತೆ ಕೇಳದೇ ಹೋಗುತ್ತದೆ. ಮೀನು ಮಾರಿ ಮುಗಿಸಿದ ಹೆಂಗಸರು ಬುಟ್ಟಿಯನ್ನು ತಲೆಯಡಿಗಿಟ್ಟು ಒಂದು ಘಳಿಗೆ ಕಣ್ಣು ಮುಚ್ಚುತ್ತಾರೆ. ಆಸ್ಪತ್ರೆಗೆ ಬಂದವರು ಗಂಟು ಬಿಚ್ಚಿ ಊಟ ಮಾಡುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು ಒಂದೊಂದು ಕಂಬದ ಮರೆಯಲ್ಲಿ ಪರೀಕ್ಷೆಗೆ ಓದುತ್ತಾರೆ. ನಾನು ಶಾಲೆ ಬಿಟ್ಟು ಬರುವಾಗ ಅಲ್ಲಿ ಹೊಕ್ಕು ಹೊರಡುವುದನ್ನು ಅಭ್ಯಾಸ ಮಾಡಿಕೊಂಡೆ. ಹೊಕ್ಕದ್ದು ಮತ್ತು ಹೊರಟದ್ದು ಯಾವಾಗಲೂ ಒಂದೇ ಬದಿಯಿಂದ. ಹೀಗಾಗಿ ಉದ್ಯಾನಕ್ಕೆ ಇನ್ನೊಂದು ಬದಿ ಇದೆಯೆಂಬುದು ನನ್ನ ಭೂಗೋಳದೊಳಗೆ ಬಂದಿರಲಿಲ್ಲ.

ಇನ್ನು ಅಕ್ಕನ ಮಗಳ ವಿಷಯ. ನನ್ನ ಅಕ್ಕ ಗಂಗಕ್ಕನನ್ನು ಕೊಟ್ಟದ್ದು ಭಟ್ಕಳದ ಹತ್ತಿರ ಹೆಬಳೆಗೆ. ಭಾವ ಬೇಗ ತೀರಿಕೊಂಡರು. ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದ ಮಗಳು ಶಾಲಿನಿ ಪುಸ್ತಕ ಮುಚ್ಚಿಟ್ಟು ಅಮ್ಮನ ಹಳೆಯ ಹೊಲಿಗೆ ಯಂತ್ರದ ಮುಂದೆ ಕೂತಳು. ಈಗ ಭಟ್ಕಳ ಪೇಟೆಯಲ್ಲಿ ಅವಳದೇ ಹೊಲಿಗೆ ಅಂಗಡಿ ಇದೆ. ಗಿರಾಕಿಗಳೊಡನೆ ಭಟ್ಕಳದ ಮುಸಲ್ಮಾನರ ಮನೆಮಾತಾದ ನವಾಯತಿಯಲ್ಲಿ ಅಳತೆ ಮಾತಾಡಿ, ಉರ್ದುವಿನಲ್ಲಿ ಸಮಾಧಾನ ಮಾಡಿ, ನೂಲಿನ ವ್ಯಾಪಾರಿಯೊಡನೆ ಕೊಂಕಣಿಯಲ್ಲಿ ಜಗಳಾಡಿ, ಮನೆಗೆ ಬಂದು ಕನ್ನಡದಲ್ಲಿ ಸುಮ್ಮನಿರುತ್ತಾಳೆ. ವಯಸ್ಸು ಮೂವತ್ತು ದಾಟಿ ನಾಲ್ಕಾರು ವರ್ಷವಾಗಿತ್ತು. ನೋಡಲು ಬಂದವರು ಬೇಕಷ್ಟು ಜನ. ಎಲ್ಲ ಸರಿಹೋಗಿ ಕೊನೆಗೆ ಮಾತು ಅಂಗಡಿಯ ಬಾಗಿಲಿಗೆ ಬಂದು ಎಡವುತ್ತಿತ್ತು. ಅಂಕೋಲೆಯ ಕಡೆಯ ಒಂದು ಸಂಬಂಧದಲ್ಲಂತೂ ವೀಳ್ಯ ಬದಲಾಗಿ, ಸೀರೆ ಕೊಟ್ಟೂ ಆಗಿತ್ತು. ಆಮೇಲೆ ಅವರು, ಮದುವೆಯಾದ ಮೇಲೆ ಅಂಗಡಿ ಗಿಂಗಡಿ ಎಲ್ಲ ಯಾಕೆ ಎಂದರು. ಶಾಲಿನಿ ಆ ಸೀರೆಯನ್ನು ಮಡಿಸಿ ವಾಪಸು ಕಳಿಸಿದಳು. ಅಷ್ಟರಲ್ಲಿ ಅದಕ್ಕೆ ಫಾಲ್ ಹೊಲಿದಾಗಿತ್ತು. ಬಿಚ್ಚುವುದು ಬೇಡ, ಮುಂದಿನವಳಿಗೆ ಆಗಲಿ ಎಂದಳಂತೆ.

ಈ ಸಲ ಸಂಬಂಧ ಬಂದದ್ದು ಕುಮಟೆಯ ಹತ್ತಿರ ಬಾಡದಿಂದ. ಹುಡುಗನ ಹೆಸರು ಉಮೇಶ. ಬೋಟಿನ ಎಂಜಿನ್ ರಿಪೇರಿ ಮಾಡುವವನು. ವಯಸ್ಸು ನಲವತ್ತರ ಹತ್ತಿರ. ತಂದೆ ತಾಯಿ ಇಲ್ಲ, ದೊಡ್ಡಪ್ಪ ಸಾಕಿದ್ದು. ಶಾಲಿನಿಗೆ ವಿಷಯ ಹೇಳಿದಾಗ ಅವಳು ಯಂತ್ರದಿಂದ ತಲೆ ಎತ್ತದೆ ಹೇಳಿದಳು, “ಇದೊಂದು ಸಲ ಬತ್ತೆ ಮಾವ. ಮನೆಲಿ ಚಾಪೆ ಹಾಸಿ, ತಟ್ಟೆ ಹಿಡ್ಕೊಂಡು, ತಲೆ ತಗ್ಸಿ ಕೂಕಳುಕೆ ನನ್ ಹತ್ರ ಆಗುದಿಲ್ಲ. ಹೊರಗೆ ಎಲ್ಲಾದ್ರೂ ಆದ್ರೆ ಆತು. ಇದೂ ಆಗ್ಲಿಲ್ಲ ಅಂದ್ರೆ ಇನ್ ಯಾರೂ ಈ ಮಾತು ಎತ್ತುಕೆ ಇಲ್ಲ.” ಅವಳು ಬೆದರಿಕೆ ಹಾಕುವವಳಲ್ಲ. ದಾರದ ಕೊನೆಗೆ ಗಂಟು ಹಾಕುವ ಹಾಗೆ ಹೇಳಿ ಮುಗಿಸಿದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು. ನಾನು ತಕ್ಷಣ ಮುಂದೆ ಬಂದೆ. ಭಟ್ಕಳವೂ ಬೇಡ, ಕುಮಟೆಯೂ ಬೇಡ, ನಡುವೆ ನಮ್ಮ ಹೊನ್ನಾವರದ ಜಿಲೇಬಿ ಪಾರ್ಕು ಇದೆಯಲ್ಲ, ನೆರಳಿದೆ, ಬೆಂಚಿದೆ, ನೋಡಿದ ಮೇಲೆ ನಮ್ಮ ಮನೆಗೆ ಬಂದು ಅವಲಕ್ಕಿ ಚಾ ಮಾಡಿಕೊಂಡು ಹೋದರಾಯಿತು ಎಂದೆ. ಎಲ್ಲರೂ ಒಪ್ಪಿದರು. ನನ್ನ ಮಾತನ್ನು ಮನೆಯಲ್ಲಿ ಒಂದೇ ಸಲಕ್ಕೆ ಒಪ್ಪುವುದು ಅಪರೂಪ. ಅಲ್ಲೇ ನನಗೆ ಅನುಮಾನ ಬರಬೇಕಾಗಿತ್ತು.

ಹೊರಡುವ ಮುನ್ನ ಅಕ್ಕ ನನ್ನನ್ನು ಬಾವಿಕಟ್ಟೆಯ ಬದಿಗೆ ಕರೆದು, “ತಮಾ, ಅಂಗಡಿ ಮಾತು ಈಗ್ಲೇ ತೆಗಿಬೇಡ. ಅಂಕೋಲೆದ್ದೂ ಬೇಡ. ಅವ್ರು ಹುಡುಗಿನ್ನ ಒಪ್ಲಿ, ಆಮೇಲೆ ನೋಡ್ವಾ. ನಿನ್ ಬಾಯಿ ಒಂದ್ ಬಿಗಿ ಇದ್ರೆ ಆತು,” ಎಂದಳು. ನನ್ನ ಬಾಯಿಯ ಬಗ್ಗೆ ನಮ್ಮ ಮನೆಯಲ್ಲಿ ಇರುವ ಅಭಿಪ್ರಾಯ ನನಗೆ ಗೊತ್ತು. ತರಗತಿಯಲ್ಲಿ ದಿನವಿಡೀ ಪ್ರಶ್ನೆ ಕೇಳಿ, ಉತ್ತರ ಬಾರದೆ ನಾನೇ ಹೇಳಿ ಹೇಳಿ ಬಂದ ಚಾಳಿ ಅದು. ಯಾರಾದರೂ ಸುಮ್ಮನೆ ಕೂತದ್ದು ಕಂಡರೆ ಅವರಿಗೆ ಉತ್ತರ ಬೇಕಾಗಿದೆಯೆಂದೇ ನನಗೆ ಅನ್ನಿಸುತ್ತದೆ. ಆದರೆ ಅವತ್ತು ನಾನು ಅಕ್ಕನ ಕೈ ಹಿಡಿದು ಮಾತು ಕೊಟ್ಟೆ.

ಭಾನುವಾರ ಮಧ್ಯಾಹ್ನ ಅಕ್ಕ, ಶಾಲಿನಿ ಶರಾವತಿ ಸೇತುವೆ ದಾಟಿ ಬಸ್ಸಿನಲ್ಲಿ ಬಂದರು. ಶಾಲಿನಿ ಹಸಿರು ಸೀರೆ ಉಟ್ಟಿದ್ದಳು. ಅದರ ಜೊತೆಯ ರವಿಕೆಯನ್ನು ನಾನು ಎರಡೆರಡು ಸಲ ನೋಡಿದೆ. ಯಾಕೆಂದು ಮುಂದೆ ಹೇಳುತ್ತೇನೆ. ಅವರನ್ನು ಉದ್ಯಾನಕ್ಕೆ ಕರೆತಂದು ಕಾರಂಜಿಯ ಎದುರಿನ ಬೆಂಚಿನ ಮೇಲೆ ಕೂರಿಸಿದೆ. ಹುಡುಗನ ದೊಡ್ಡಪ್ಪನಿಗೆ ಫೋನಿನಲ್ಲಿ ನಾನು ಹೇಳಿದ್ದ ಗುರುತು ಅದೇ. ಜಿಲೇಬಿ ಪಾರ್ಕಿನ ಕಾರಂಜಿ, ತಪ್ಪಿಸಿಕೊಳ್ಳುವ ಸಂಭವವೇ ಇಲ್ಲ ಎಂದಿದ್ದೆ. ಕಾರಂಜಿಯಲ್ಲಿ ನೀರಿರಲಿಲ್ಲ. ನಡುವೆ ಎರಡು ಸಿಮೆಂಟಿನ ಕೊಕ್ಕರೆಗಳು ಮೇಲೆ ಮುಖ ಮಾಡಿ ಬಾಯಿ ತೆರೆದು ನಿಂತಿದ್ದವು, ನಮ್ಮ ಹಾಗೆಯೇ ಯಾರನ್ನೋ ಕಾಯುವವರಂತೆ.

ಹೊತ್ತು ಕಳೆಯಿತು. ಯಾರೂ ಬರಲಿಲ್ಲ. ದೊಡ್ಡಪ್ಪನಿಗೆ ಫೋನು ಮಾಡಿದೆ. ಅಷ್ಟು ಕಾಂಕ್ರೀಟಿನ ಕೆಳಗೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಅವರು ಆಗಲೇ ಬಂದು ಕಾರಂಜಿ ಹತ್ತಿರವೇ ಕೂತಿದ್ದಾರೆಂದು ತಿಳಿಯಿತು. ನಾವೂ ಕಾರಂಜಿ ಹತ್ತಿರವೇ ಕೂತಿದ್ದೇವೆ ಎಂದೆ. ಕೊಕ್ಕರೆ ಇದೆಯೇ ಎಂದು ಕೇಳಿದೆ, ಇದೆ ಎಂದರು. ನೀರಿದೆಯೇ ಎಂದರು, ಇಲ್ಲ ಎಂದೆ. ಎಲ್ಲ ತಾಳೆಯಾಯಿತು, ಮನುಷ್ಯರು ಮಾತ್ರ ತಾಳೆಯಾಗಲಿಲ್ಲ. ಎರಡನೆಯ ಫೋನಿಗೆ ಅವರ ದನಿ ಬಿಗಿಯಾಗಿತ್ತು. ಅವರು ಹಿಂದೆ ಬೋಟಿನ ತಾಂಡೇಲರಾಗಿದ್ದವರು, ಬೋಟು ನಡೆಸುವ ಮುಖ್ಯಸ್ಥರು. ನಡುಸಮುದ್ರದಲ್ಲಿ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಮುಟ್ಟಿದವನು ನಾನು, ನೀವು ಬರುವುದಿಲ್ಲವೆಂದಾದರೆ ನೇರ ಹೇಳಿ, ಬಂದಿದ್ದೇವೆಂದು ಸುಳ್ಳು ಯಾಕೆ ಎಂದರು. ನಾನೂ ಸ್ವಲ್ಪ ದನಿ ಏರಿಸಿ, ಮಾಸ್ತರನಾಗಿ ಸುಳ್ಳು ಹೇಳುವವನಲ್ಲ ಎಂದೆ. ಸಂಬಂಧ ಬೆಳೆಯುವ ಮೊದಲೇ ಬೀಗರ ಜಗಳ ಶುರುವಾಗಿತ್ತು. ಶಾಲಿನಿ ಬೆಂಚಿನ ಮೇಲೆ ಬಿದ್ದಿದ್ದ ಒಂದು ಎಳೆ ದಾರವನ್ನು ಬೆರಳಿಗೆ ಸುತ್ತುತ್ತಾ, ಬಸ್ಸು ಎಷ್ಟೊತ್ತಿಗೆ ಎಂದು ಅಮ್ಮನನ್ನು ಕೇಳಿದಳು. ಆ ಪ್ರಶ್ನೆ ಕೇಳಿದ್ದೇ ನಾನು ಎದ್ದೆ. ನೀವು ಇಲ್ಲೇ ಇರಿ, ಐದೇ ನಿಮಿಷ, ಕರೆದುಕೊಂಡು ಬರುತ್ತೇನೆ ಎಂದು ಹೇಳಿ ನಾನು ಶೋಧಕ್ಕೆ ಹೊರಟೆ.

ಆ ಉದ್ಯಾನ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಆಗ. ನನ್ನ ಮಾಮೂಲು ಬೆಂಚಿನಾಚೆ ರಸ್ತೆಗೆಂದು ಮಣ್ಣು ಪೇರಿಸಿದ ಒಂದು ಏರಿ, ಏರಿಯ ಕೆಳಗೆ ಜನ ದಾಟಲೆಂದು ಒಂದು ಸುರಂಗ. ಹೊಕ್ಕೆ. ಆಚೆ ಬಂದರೆ ಇನ್ನೊಂದು ಉದ್ಯಾನ, ಇನ್ನಷ್ಟು ಕಂಬ. ಬಂಗಡೆ ಮೀನಿನ ಕಂಬದಿಂದ ಎಡಕ್ಕೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ನಡೆದೆ. ಮುಂದೆ ಹೋದರೆ ಮತ್ತೆ ಬಂಗಡೆ ಮೀನು. ಚಿತ್ರ ಬರೆದವರು ಮೂರು ಚಿತ್ರಗಳನ್ನೇ ತಿರುಗಾಮುರುಗಾ ಎಲ್ಲ ಕಂಬಗಳಿಗೂ ಬರೆದುಬಿಟ್ಟಿದ್ದರು. ಬಣ್ಣದ ವೇಷದ ಒಂದು ಮುಖವನ್ನಂತೂ ನಾನು ಎಷ್ಟು ಸಲ ಹಾದೆನೆಂದರೆ ಕೊನೆಗೆ ಅದು ನನ್ನನ್ನು ನೋಡಿ ನಕ್ಕಂತಾಯಿತು. ಒಂದು ಮೆಟ್ಟಿಲು ಹತ್ತಿ ನೋಡಿದೆ, ಹೆದ್ದಾರಿಗೇ ಹೋಗಿ ಬಿದ್ದೆ. ಅಲ್ಲಿ ನಿಂತವನಿಗೆ ಒಬ್ಬ ಕಾರಿನವನು ಗಾಜಿಳಿಸಿ ಗೋಕರ್ಣಕ್ಕೆ ದಾರಿ ಯಾವುದೆಂದು ಕೇಳಿದ. ಆ ಸ್ಥಿತಿಯಲ್ಲೂ ನಾನು ಕೈ ಬೀಸಿ ದಾರಿ ಹೇಳಿದೆ. ಅವನು ಈಗ ಎಲ್ಲಿದ್ದಾನೋ. ಇಳಿದು ಇನ್ನೊಂದು ಸುರಂಗ ಹೊಕ್ಕೆ, ಅದರೊಳಗೆ ಒಂದು ಎಮ್ಮೆ ಅಡ್ಡ ಮಲಗಿತ್ತು. ಅದಕ್ಕೆ ಆ ಜಾಗದ ಮೇಲೆ ನನಗಿಂತ ಹಳೆಯ ಹಕ್ಕಿತ್ತು. ಹಿಂದೆ ತಿರುಗಿದೆ. ಫೋನು ತೆಗೆದರೆ ಅದರಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ನಮ್ಮೂರಿನಲ್ಲಿ, ನಮ್ಮ ಮನೆಗೆ ಕೂಗಳತೆಯಲ್ಲಿ, ಭೂಗೋಳದ ಮಾಸ್ತರ ದಾರಿ ತಪ್ಪಿ ನಿಂತಿದ್ದ. ಯಾರನ್ನಾದರೂ ಕೇಳೋಣವೆಂದರೆ ಎದುರಿಗೆ ಬಂದವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ನಮಸ್ಕಾರ ಸರ್ ಎಂದಾಗ ವಾಕಿಂಗಿಗೆ ಬಂದವನಂತೆ ಕೈ ಬೀಸಿ ಮುಂದೆ ನಡೆಯುತ್ತಿದ್ದೆ.

ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಒಂದು ಬೆಂಚಿನ ಮೇಲೆ ಕುಸಿದೆ. ಅದರ ಇನ್ನೊಂದು ತುದಿಯಲ್ಲಿ ಒಬ್ಬ ಕೂತಿದ್ದ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗೆ ಹುರಿದ ಶೇಂಗಾದ ಪೊಟ್ಟಣ ಇಟ್ಟುಕೊಂಡಿದ್ದ. ಹಣೆಯ ಮೇಲೆ ಕೂದಲು ಹಿಂದೆ ಸರಿದಿತ್ತು. ಇಸ್ತ್ರಿ ಮಾಡಿದ ಅಂಗಿ, ಆದರೆ ಉಗುರಿನ ಅಂಚಿನಲ್ಲಿ ತೊಳೆದರೂ ಹೋಗದ ಕಪ್ಪು. ನೀವು ಆಗಲೇ ಊಹಿಸಿರುತ್ತೀರಿ. ನಾನು ಊಹಿಸಲಿಲ್ಲ. ನನಗೆ ಅಕ್ಕ ತೋರಿಸಿದ ಫೋಟೋದಲ್ಲಿ ಹುಡುಗ ಯಾರದೋ ಮದುವೆಯಲ್ಲಿ ಪೇಟ ಕಟ್ಟಿ, ಕಪ್ಪು ಕನ್ನಡಕ ಹಾಕಿ ನಿಂತಿದ್ದ. ಅಲ್ಲದೆ ವರನೆಂದರೆ ಕಾರಂಜಿಯ ಬದಿಗೆ ದೊಡ್ಡಪ್ಪನ ಜೊತೆ ಕೂತಿರುವವನು ಎಂದು ನನ್ನ ತಲೆಯಲ್ಲಿ ಅಚ್ಚಾಗಿಬಿಟ್ಟಿತ್ತು. ಅವನು ಪೊಟ್ಟಣವನ್ನು ನನ್ನ ಕಡೆ ಸರಿಸಿ, ಯಾರನ್ನಾದರೂ ಹುಡುಕುತ್ತಿದ್ದೀರಾ ಎಂದು ಕೇಳಿದ. ಅಷ್ಟೇ ಅವನು ಕೇಳಿದ್ದು.

ನಾನು ಶೇಂಗಾ ತೆಗೆದುಕೊಂಡೆ, ಹೇಳತೊಡಗಿದೆ. ಮೊದಲು ಕಾರಂಜಿಯ ವಿಷಯ. ಆಮೇಲೆ ದೊಡ್ಡಪ್ಪನೆಂಬ ಆ ಸಿಡುಕು ಮನುಷ್ಯನ ವಿಷಯ. ಅವನು ಹೌದೌದು, ಹಾಗೆ ಇರುತ್ತಾರೆ ಕೆಲವರು ಎಂದ. ಅಷ್ಟು ಒಪ್ಪಿಗೆ ಸಿಕ್ಕ ಮೇಲೆ ಕೇಳಬೇಕೇ. ಅಂಗಡಿಯ ಮಾತು ಬಂತು. ಅಂಕೋಲೆಯ ಸೀರೆ ಫಾಲ್ ಸಮೇತ ವಾಪಸು ಹೋದದ್ದು ಬಂತು. ಹುಡುಗಿಗೆ ಅಡುಗೆ ಅಷ್ಟಕ್ಕಷ್ಟೇ, ಮೀನು ಸಾರಿಗೆ ಹುಳಿ ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತಾಳೆಂಬುದು ಬಂತು. ಯಾರನ್ನು ಕಂಡರೂ ಮೊದಲು ಅವರ ತೋಳಿನ ಹೊಲಿಗೆ ನೋಡುತ್ತಾಳೆ, ಮುಖ ಆಮೇಲೆ ಎಂದೂ ಹೇಳಿದೆ. ಅವನು ತನ್ನ ತೋಳಿನ ಕಡೆ ಒಮ್ಮೆ ನೋಡಿಕೊಂಡ. ಅದು ಕೂಡ ನನಗೆ ಏನನ್ನೂ ಸೂಚಿಸಲಿಲ್ಲ. ಅವನು ಯಾರು, ಯಾವ ಊರು ಎಂದು ನಾನು ಕೇಳಲೂ ಇಲ್ಲ. ಮಾತಾಡುವವನಿಗೆ ಎದುರಿನವನ ಊರು ಯಾಕೆ ಬೇಕು, ಕಿವಿ ಇದ್ದರೆ ಸಾಕು.

ಹಾಗಾದರೆ ಆ ಹುಡುಗಿಗೆ ಮದುವೆ ಬೇಡವೇ ಬೇಡವೋ ಏನೋ ಎಂದು ಅವನು ಮೆಲ್ಲಗೆ ಕೇಳಿದ. ಬಾಯಿಗೆ ಹೊರಟಿದ್ದ ಶೇಂಗಾವನ್ನು ನಾನು ಕೆಳಗಿಟ್ಟೆ. ಮೇಲೆ ಒಂದು ಲಾರಿ ಹೋಯಿತು. ಆಮೇಲೆ, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವನಿಗೆ ಹೇಳಿದೆ.

“ಹಾಗಲ್ಲ ಮಾರಾಯ. ಮೊದಲೆಲ್ಲ ನೋಡುಕೆ ಬತ್ತಾರೆ ಅಂದ್ರೆ ತನ್ಗೆ ಅಂತ ಒಂದು ಹೊಸ ರವಿಕೆ ಹೊಲ್ಕೊತಿತ್ತು. ಊರಿಗೆಲ್ಲ ಹೊಲೆದು ಆದ್ಮೇಲೆ, ಕಡೀಗೆ ಕೂತು ತನ್ನದು. ಆಮೇಲಾಮೇಲೆ ಹೊಲುದು ಬಿಡ್ತು. ಹಳೇದೇ ಹಾಕಂಡು ಬಂದು ಕೂತು ಎದ್ದು ಹೋಗುದು. ಇವತ್ತು ನೋಡ್ದೆ, ಹೊಸದು ಹಾಕಂಡು ಬಂದದೆ. ಅದ್ಕೇ ನಂಗೆ ಹೆದ್ರಿಕೆ.”

ಅವನು ಶೇಂಗಾದ ಸಿಪ್ಪೆಯನ್ನೆಲ್ಲ ಪೊಟ್ಟಣಕ್ಕೆ ತುಂಬಿ, ಮಡಿಸಿ, ಕಸದ ಡಬ್ಬಿಗೆ ಹಾಕಿ ಬಂದ. ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡ. “ಏಳಿ ಮಾಸ್ತರೆ, ಹೋಗ್ವಾ. ಇನ್ನೊಂದು ಕಾರಂಜಿ ಎಲ್ಲದೆ ಅಂತ ನಂಗೆ ಗೊತ್ತದೆ,” ಎಂದ. ಇನ್ನೊಂದು ಎಂದರೆ ಎಂತ ಎಂದು ನಾನು ಕೇಳಿದೆ. ಏರಿಯ ಈ ಬದಿಗೆ ಒಂದು, ಆ ಬದಿಗೆ ಒಂದು, ಎರಡೂ ಒಂದೇ ತರ ಕಟ್ಟಿದ್ದಾರೆ, ಶೇಂಗಾ ಮಾರುವವನಿಂದ ತಿಳಿಯಿತು ಎಂದು ಅವನು ನಡೆಯುತ್ತಲೇ ಹೇಳಿದ. ನನಗೆ ಎಷ್ಟು ಸಂತೋಷವಾಯಿತೆಂದರೆ, ದೊಡ್ಡಪ್ಪನೂ ಸುಳ್ಳು ಹೇಳಿಲ್ಲ, ನಾನೂ ಹೇಳಿಲ್ಲ ಎಂದು ದಾರಿಯುದ್ದಕ್ಕೂ ಅವನಿಗೇ ವಿವರಿಸುತ್ತಾ ಹೋದೆ. ಎಮ್ಮೆಯ ಸುರಂಗದಲ್ಲಿ ಅವನು ಎಮ್ಮೆಗೆ ಏನೋ ಹೇಳಿದ, ಅದು ಎದ್ದು ದಾರಿ ಬಿಟ್ಟಿತು.

ಅಕ್ಕ, ಶಾಲಿನಿ ಎದ್ದು ನಿಂತಿದ್ದರು. ಚೀಲ ಹೆಗಲಿಗೆ ಏರಿತ್ತು. ಇನ್ನೊಂದು ಬಸ್ಸಿನ ಹೊತ್ತಾಗಿದ್ದರೆ ಹೋಗಿಯೇಬಿಡುತ್ತಿದ್ದರು. ನಾನು ಎರಡು ಕಾರಂಜಿಗಳ ಸಮಾಚಾರವನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಜೊತೆ ಬಂದವನು ಮುಂದೆ ಹೋಗಿ ಶಾಲಿನಿಯ ಎದುರು ನಿಂತ.

“ನಾ ಉಮೇಶ, ಬಾಡದವ,” ಎಂದ. “ಅಂಗಡಿ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತ್ರಿ?”

ಅಕ್ಕ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ವರ್ಣಿಸಲಾರೆ. ಚಿಕ್ಕಂದಿನಲ್ಲಿ ಅವಳ ಸ್ಲೇಟು ಒಡೆದಾಗ ಒಮ್ಮೆ ಕಂಡಿದ್ದೆ. ನಾನು ಕೊಕ್ಕರೆಯನ್ನು ನೋಡುತ್ತಾ ನಿಂತೆ. ತಲೆಯೊಳಗೆ ಮೀನು ಸಾರು, ಹುಳಿ, ಅಂಕೋಲೆ, ಸೀರೆ, ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಶಾಲಿನಿ ಮಾತ್ರ ನನ್ನನ್ನು ನೋಡಲಿಲ್ಲ. ಅವಳು ಉಮೇಶನ ಅಂಗಿಯ ತೋಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು.

“ಹತ್ತಕ್ಕೆ,” ಎಂದಳು. “ರಂಜಾನ್ ತಿಂಗಳಲ್ಲಿ ಒಂಬತ್ತಕ್ಕೆ.”

“ಬೆಳಿಗ್ಗೆ ಕುಮಟೆಲಿ ರೈಲಿಗೆ ಹತ್ತಿದ್ರೆ ಮುಟ್ಟುಕಾತದೆ ಅಲ್ದ?”

ಅವಳು ಸ್ವಲ್ಪ ಯೋಚಿಸಿ, ರೈಲು ಸರಿಯಾಗಿ ಬಂದರೆ ಆಗುತ್ತದೆ ಎಂದಳು. ಹೆಗಲ ಚೀಲವನ್ನು ಇಳಿಸಿ ಅಮ್ಮನ ಕೈಗೆ ಕೊಟ್ಟಳು. ಇಬ್ಬರೂ ಕಂಬಗಳ ಸಾಲಿನಲ್ಲಿ ನಡೆದು ಹೋದರು. ಅವನು ಒಂದು ಮಾತು ಹೇಳಿದರೆ ಮೇಲೊಂದು ಬಸ್ಸು ಹೋಗುತ್ತಿತ್ತು, ಅವಳು ನಿಂತು ಇನ್ನೊಮ್ಮೆ ಕೇಳುತ್ತಿದ್ದಳು. ಹೀಗೆ ನಿಂತು ನಿಂತು ಹೋದದ್ದರಿಂದ ಬಹಳ ಹೊತ್ತು ಹಿಡಿಯಿತು. ಅವರು ಏನೇನು ಮಾತಾಡಿದರೆಂದು ನನಗೆ ಈವರೆಗೂ ಗೊತ್ತಿಲ್ಲ. ಗೊತ್ತಾಗುವ ಸಂಭವವೂ ಇಲ್ಲ. ನನಗೆ ಹೇಳಬಾರದೆಂಬುದು ಅವರು ಒಟ್ಟಿಗೆ ಮಾಡಿದ ಮೊದಲ ತೀರ್ಮಾನವಂತೆ.

ಈ ನಡುವೆ ಆಚೆ ಕಾರಂಜಿಯಲ್ಲಿ ಉಳಿದ ದೊಡ್ಡಪ್ಪನನ್ನು ಕರೆತರಬೇಕಾಗಿತ್ತು. ನಾನು ಹೊರಟೆ. ನೀನು ಬೇಡ ಎಂದು ಅಕ್ಕ ತಾನೇ ಮುಂದಾದಳು. ನಾನು ಹಿಂದೆ ಹೋದೆ. ಎಂದೂ ಆ ಜಾಗ ಕಾಣದ ಅಕ್ಕ ಸೀದಾ ಹೋಗಿ ಸುರಂಗ ದಾಟಿ ಅವರ ಎದುರು ನಿಂತಳು. ದೊಡ್ಡಪ್ಪ ಬಿಳಿ ಅಂಗಿ, ಬಿಳಿ ಮೀಸೆ, ಕೊಡೆ ಊರಿಕೊಂಡು ಕೂತಿದ್ದರು. ತಮ್ಮನ್ನು ಬಿಟ್ಟು ಹೋದ ಹುಡುಗ, ಬಾರದ ಬೀಗರು, ನೀರಿಲ್ಲದ ಕಾರಂಜಿ, ಮೂರರ ಮೇಲೂ ಸಮವಾಗಿ ಸಿಟ್ಟಾಗಿದ್ದರು. ಅಕ್ಕ ಎರಡು ಕಾರಂಜಿಗಳ ವಿಷಯವನ್ನು ಸಮಾಧಾನದಿಂದ ಹೇಳಿದಳು. ಅವರು ಎಲ್ಲ ಕೇಳಿ ನನ್ನ ಕಡೆ ನೋಡಿ, “ಮಾಸ್ತರೆ, ನೀರಿಲ್ದೆ ಇದ್ರೆ ಅದ್ಕೆ ಕಾರಂಜಿ ಹೇಳುದು ಎಂತಕ್ಕೆ? ತೊಟ್ಟಿ ಹೇಳಿದ್ರೆ ಯಾರನ್ನಾದ್ರೂ ಕೇಳಿ ಬತ್ತಿದ್ದೆ,” ಎಂದರು.

ಐವರೂ ಒಂದಾದ ಮೇಲೆ ಒಂದು ಬಿಗಿ ಘಳಿಗೆ ಬಂತು. ದೊಡ್ಡಪ್ಪನಿಗೆ ಅಂಗಡಿಯ ವಿಷಯ ತಿಳಿಯಿತು. ಅವರ ಹುಬ್ಬು ಗಂಟಿಕ್ಕಿತು. ಮದುವೆಯಾದ ಹೆಣ್ಣು ದಿನಾ ಬಾಡದಿಂದ ಭಟ್ಕಳಕ್ಕೆ ಹೋಗಿ ಬರುವುದೇ ಎಂದು ಕೇಳಿದರು. ಕೇಳಿದ ರೀತಿ ಮುಗಿಸುವ ರೀತಿಯದು. ಅಕ್ಕ ಸೆರಗು ಬಿಗಿ ಹಿಡಿದಳು. ಶಾಲಿನಿ ನೇರವಾಗಿ ನಿಂತಳು, ಅಂಕೋಲೆಯವರು ಮಾತು ತೆಗೆದಾಗ ನಿಂತ ಹಾಗೆಯೇ. ಅವಳು ಬಾಯಿ ತೆರೆದು, ಅಂಗಡಿ ಬಿಡುವುದಿಲ್ಲ ಎಂದಳು. ಅಷ್ಟೇ, ಅದಕ್ಕೆ ಕಾರಣಗಳನ್ನು ಜೋಡಿಸಲಿಲ್ಲ. ಆಗ ಉಮೇಶ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ದೊಡ್ಡಪ್ಪನನ್ನು ನೋಡದೆ ನೆಲ ನೋಡುತ್ತಾ ಹೇಳಿದ.

“ನೀವು ದಿನಾ ಕತ್ಲೆಗೆದ್ದು ಸಮುದ್ರಕ್ಕೆ ಹೋದ್ರಿ. ದೊಡ್ಡಮ್ಮ ಒಂದಿನ ಬೇಡ ಹೇಳ್ಲಿಲ್ಲ. ಭಟ್ಕಳ ಅಷ್ಟು ದೂರ ಇಲ್ಲ, ಅಲ್ಲಿ ತೆರೆ ಇಲ್ಲ.”

ದೊಡ್ಡಪ್ಪ ಕೊಡೆಯ ತುದಿಯಿಂದ ಹಾಸುಬಿಲ್ಲೆಯ ಸಂದಿಯನ್ನು ಕೆದಕಿದರು. ತೀರಿಹೋದ ಹೆಂಡತಿಯನ್ನು ನೆನೆಸಿಕೊಂಡರೋ ಏನೋ, ಕಣ್ಣು ಹೊಳೆಯ ಕಡೆ ಹೋಯಿತು. ಆಮೇಲೆ ಶಾಲಿನಿಯನ್ನು ಕರೆದು, ಈ ಅಂಗಿಯ ಕಾಲರು ಯಾವಾಗಲೂ ಒಂದು ಬದಿಗೆ ಎಳೆಯುತ್ತದೆ, ಇದಕ್ಕೆ ಏನಾದರೂ ಮಾಡಲಿಕ್ಕೆ ಬರುತ್ತದೆಯೇ ಎಂದು ಕೇಳಿದರು. ಅವಳು ಹತ್ತಿರ ಹೋಗಿ ಎರಡು ಬೆರಳಲ್ಲಿ ಹಿಡಿದು ನೋಡಿ, ಬಿಚ್ಚಿ ಹೊಲಿದರೆ ಸರಿಯಾಗುತ್ತದೆ, ಕೊಟ್ಟು ಕಳಿಸಿ ಎಂದಳು. ಅಲ್ಲಿಗೆ ಒಪ್ಪಿಗೆಯಾಯಿತೆಂದು ನಮಗೆಲ್ಲ ಗೊತ್ತಾಯಿತು. ಎಲ್ಲರೂ ನಮ್ಮ ಮನೆಗೆ ಬಂದು ಅವಲಕ್ಕಿ ತಿಂದರು. ನನ್ನ ಹೆಂಡತಿ ಎಂತ ಇಷ್ಟು ತಡ ಎಂದು ಕೇಳಿದ್ದಕ್ಕೆ ಅಕ್ಕ, ನಿನ್ನ ಗಂಡನನ್ನೇ ಕೇಳು, ಅವನಿಗೆ ಏನನ್ನೂ ಮುಚ್ಚಿಡಲಿಕ್ಕೆ ಬರುವುದಿಲ್ಲ ಎಂದಳು. ಶಾಲಿನಿ ನನ್ನ ತಟ್ಟೆಗೆ ಅವಲಕ್ಕಿ ಹಾಕುತ್ತಾ ಮೆಲ್ಲಗೆ, “ಮಾವ, ಹೇಳ್ದೆ ಉಳಿದದ್ದು ಎಂತಾದ್ರೂ ಇದ್ರೆ ಹೇಳು. ಅದೊಂದನ್ನ ನಾನೇ ಹೇಳ್ತೆ,” ಎಂದಳು. ನಾನು ಪ್ರಾಮಾಣಿಕವಾಗಿ ಯೋಚಿಸಿ ನೋಡಿದೆ. ಏನೂ ಉಳಿದಿರಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಶಾಲಿನಿ ಬೆಳಗಿನ ರೈಲಿಗೆ ಭಟ್ಕಳಕ್ಕೆ ಹೋಗುತ್ತಾಳೆ. ಅಕ್ಕ ಹೆಬಳೆಯಿಂದ ಬುತ್ತಿ ಹಿಡಿದು ಬಂದು ಸಂಜೆಯವರೆಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾ ಕೂರುತ್ತಾಳೆ. ಮಗಳನ್ನು ಬೇರೆ ಊರಿಗೆ ಕೊಟ್ಟ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದೇನೆ ಎನ್ನುತ್ತಾಳೆ. ಮೀನು ಸಾರನ್ನು ಬಾಡದಲ್ಲಿ ಉಮೇಶನೇ ಮಾಡುತ್ತಾನಂತೆ.

ಮೊನ್ನೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಉಂಡು ಜಗಲಿಯಲ್ಲಿ ಕೂತಾಗ ನಾನು, ಅವತ್ತು ಬೆಂಚಿನ ಮೇಲೆ ನೀನು ಯಾರೆಂದು ನನಗೆ ಗೊತ್ತಾಗಲಿಲ್ಲ, ನಾನು ಯಾರೆಂದು ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ನೀವು ಕೂರುವ ಮೊದಲೇ ಗೊತ್ತಿತ್ತು ಎಂದ. ನೀವು ಆಚೆ ಬದಿಯಿಂದ ಫೋನಿನಲ್ಲಿ ಕೂಗಿದ್ದು ಏರಿ ದಾಟಿ ನನಗೆ ಹಾಗೇ ಕೇಳುತ್ತಿತ್ತು, ಫೋನಿಗೆ ಕಿವಿ ಕೊಟ್ಟ ದೊಡ್ಡಪ್ಪನಿಗೆ ಕೇಳಲಿಲ್ಲ, ಆ ದನಿ ಹಿಡಿದೇ ನಾನು ಹುಡುಕುತ್ತಾ ಹೊರಟದ್ದು, ದಾರಿಯಲ್ಲಿ ಹುಡುಗರು ನಿಮಗೆ ನಮಸ್ಕಾರ ಸರ್ ಎನ್ನುವುದು ಕೇಳಿತು, ನೀವೇ ಬಂದು ಪಕ್ಕದಲ್ಲಿ ಕೂತಿರಿ ಎಂದ. ಮತ್ತೆ ಹೇಳಲಿಲ್ಲ ಯಾಕೆ ಎಂದೆ. ಅವನು ಎಲೆಗೆ ಸುಣ್ಣ ಸವರುತ್ತಾ ಸಾವಕಾಶವಾಗಿ ಹೇಳಿದ. ಹುಡುಗಿ ಒಂದು ಘಳಿಗೆ ಎದುರು ಕೂತರೆ ಏನು ತಿಳಿಯುತ್ತದೆ, ಆ ಮನೆಯಲ್ಲಿ ಅವಳನ್ನು ಎಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆಂದು ತಿಳಿಯಬೇಕಾದರೆ ಬೇರೆಯವರನ್ನು ಮಾತಾಡಿಸಬೇಕು. ಅದಕ್ಕೆ ನಿಮ್ಮನ್ನು ನೋಡಿದೆ ಎಂದ.

ಅಂದರೆ ಅವತ್ತು ಜಿಲೇಬಿಯ ಕೆಳಗೆ ವಧುಪರೀಕ್ಷೆ ನಡೆದದ್ದು ನನ್ನದು. ನಿವೃತ್ತಿಯ ಅಂಚಿನಲ್ಲಿರುವ ಭೂಗೋಳದ ಮಾಸ್ತರ, ತಲೆತುಂಬ ಬೆವರು, ಕೈತುಂಬ ಅವನದೇ ಶೇಂಗಾ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುತ್ತಾ ಕೂತಿದ್ದೆ. ನನಗೆ ಒಂದು ಬಗೆಯ ನಾಚಿಕೆಯೂ ಆಯಿತು, ಎಲ್ಲೋ ಸ್ವಲ್ಪ ಸಂತೋಷವೂ ಆಯಿತು. ಹಾಗಾದರೆ ನಾನು ಒಪ್ಪಿಗೆಯಾದೆನೇ ಎಂದು ಕೇಳಿದೆ. ಉಮೇಶ ಶಾಲಿನಿಯ ಮುಖ ನೋಡಿದ. ಅವಳು ಚಪ್ಪಲಿ ಮೆಟ್ಟುತ್ತಾ, ನಗದೆ, ಸೀರೆಯ ನೆರಿಗೆ ಸರಿಮಾಡಿಕೊಂಡಳು. “ಮನೆಗೆ ಹೋಗಿ, ಹಿರಿಯರನ್ನ ಕೇಳಿ, ಫೋನ್ ಮಾಡಿ ತಿಳಿಸ್ತೆವು ಮಾವ,” ಎಂದಳು. ಇಬ್ಬರೂ ಹೆಲ್ಮೆಟ್ಟು ಹಾಕಿ ಹೊರಟು ಹೋದರು. ಫೋನು ಇನ್ನೂ ಬಂದಿಲ್ಲ. ಹೆಣ್ಣು ಹೆತ್ತವರು ಹೀಗೆ ಕಾಯುವಾಗ ಏನಾಗುತ್ತದೆಂದು ನನಗೀಗ ಚೆನ್ನಾಗಿ ಅರ್ಥವಾಗುತ್ತಿದೆ. ಅದರ ಬಗ್ಗೆ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರೂ ನನ್ನ ಎದುರು ಬೆಂಚಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಹಾಗಾಗಿ ನಿಮಗೆ ಹೇಳಿದೆ.